ಒಂದು ಕಾಯಿಗೆ

ಗಂಡಸರೆಲ್ಲ ಗಂಡಸಿಗೆ ಹೋಗಿದ್ದರು.
ನಗಬೇಡಿ, ಅದು ಊರ ಹೆಸರು,
ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ.
ಅಲ್ಲಿ ಅವತ್ತು ನಮ್ಮ ಜಮೀನಿನ ಪಾಲಿನ ಮಾತು.

ಇಲ್ಲಿ ಅಂಗಳದಲ್ಲಿ ಹೊಸ ಗೂಡ್ಸ್ ಗಾಡಿ,
ಹಳದಿ ಬೋರ್ಡು, ಸೇವಂತಿಗೆ ಹಾರ,
ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.
ಲೈಸೆನ್ಸು ನನ್ನದು, ಕಂತು ನನ್ನದು,
ಜಾಮೀನಿನ ಸಹಿ ಗುರುಶಾಂತ ದೊಡ್ಡಪ್ಪನದು.
ಹೆಣ್ಣುಮಗಳು ಗಾಡಿ ಹೊಡೆಯೋದಾ ಎಂದ ಮ್ಯಾನೇಜರಿಗೆ
"ನಿಮಗೆ ಕಂತು ಬೇಕೋ ಮೀಸೆ ಬೇಕೋ" ಎಂದು ಕೇಳಿದವರು ಅವರೇ.
ಅದಕ್ಕೇ ಅವರೊಡನೆ ಜಗಳ ಕಷ್ಟ.

ಹಣೆಯ ವಿಭೂತಿ ಇನ್ನೂ ಹಸಿ.
ಊದುಬತ್ತಿ ಅರ್ಧ ಉರಿದಿತ್ತು.
ಕಾಯಿಗೆ ಕೈ ಚಾಚಿದೆ.
"ನೀನು ಬೇಡ ಮಗಾ. ಗಂಡುಹುಡುಗರು ಯಾರಾದರೂ ಇದ್ದರೆ ಕರಿ."
"ನೀವೇ ಒಡೀರಿ."
ಅವರು ಬಲಗೈಯನ್ನು ಶಲ್ಯದೊಳಗೆ ಎಳೆದುಕೊಂಡರು.
ಎರಡು ವರ್ಷದಿಂದ ಅದು ತನ್ನಷ್ಟಕ್ಕೆ ತಾನು ನಡುಗುತ್ತದೆ,
ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.
ನಾನು ಎತ್ತಿದ್ದೆ.

ಆಮೇಲೆ ಶುರುವಾಯಿತು.
ಕಾಯಿ ಅಂದರೆ ಬೀಜ, ಹೆರುವವಳು ಬೀಜ ಒಡೆಯಬಾರದು.
ಹಾಗಾದರೆ ಅಮ್ಮ ಒಡೆಯುವವು?
ಅದು ಕೂಲಿ.
ಕೂಲಿಯ ಕಾಯಿಗೆ ಮೂರು ಕಣ್ಣಿಲ್ಲವಾ?
ಕಣ್ಣಿರುತ್ತೆ, ಸಂಕಲ್ಪ ಇರಲ್ಲ.
ನಿಮ್ಮೆದೆಯ ಲಿಂಗವೂ ಅಮ್ಮನೆದೆಯ ಲಿಂಗವೂ
ಒಂದೇ ಅಳತೆ ಅಲ್ಲವಾ ದೊಡ್ಡಪ್ಪ?
ಇದಕ್ಕವರು ಸುಮ್ಮನಾದರು. ಗೆದ್ದೆ ಅಂದುಕೊಂಡೆ.
ಉತ್ತರ ಬಂದದ್ದು ಹೊಸ್ತಿಲಿನಿಂದ:
"ಬಾಯಿ ಮುಚ್ಚು. ದೇವರ ಕೆಲಸ ಬೇರೆ, ಹೊಟ್ಟೆ ಕೆಲಸ ಬೇರೆ."
ಅಮ್ಮ.

ಮೂವತ್ತು ವರ್ಷ, ಸಾವಿರ ಕಾಯಿಗೆ ಇಷ್ಟು ಎಂದು,
ಕಂಡವರ ಅಟ್ಟಗಳ ಕೆಳಗೆ ಕೂತು
ಒಣಗಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹದ ಸದ್ದಿನಲ್ಲೇ ತಿಳಿದು,
ಮಚ್ಚಿನ ಬೆನ್ನಿಂದ ಚಿಪ್ಪನ್ನಷ್ಟೇ ಒಡೆದು
ಒಂದು ಗೀರೂ ಬೀಳದ ಹಾಗೆ ಉಂಡೆ ಕೊಬ್ಬರಿ ತೆಗೆದವಳು.
ಲೆಕ್ಕ ಹಾಕಲು ಹೋಗಿ ಹತ್ತು ಲಕ್ಷದ ಹತ್ತಿರ ಬಿಟ್ಟೆ.

ಒಂದು ಕಾಯಿಗೆ, ಈ ಒಂದಕ್ಕೆ,
ಪಕ್ಕದ ಮನೆಯ ಏಳು ವರ್ಷದ ಧನುಷ್‌ನನ್ನು
ಹೋಂವರ್ಕಿನಿಂದ ಎಬ್ಬಿಸಿ ತಂದರು.

ಮೊದಲ ಏಟು ಕಲ್ಲಿಗೇ ತಾಗಲಿಲ್ಲ.
ಎರಡನೆಯದಕ್ಕೆ ಕಾಯಿ ಉರುಳಿ ಗಾಡಿಯಡಿ ಹೋಯಿತು,
ತೆವಳಿ ತಂದವಳು ನಾನು. ತರುವುದಕ್ಕೆ ಅಡ್ಡಿಯಿಲ್ಲ.
ಮೂರನೆಯದಕ್ಕೆ ಹುಡುಗನ ತುಟಿ ಸೊಟ್ಟಗಾಯಿತು.
ಎಲ್ಲರೂ ಅವನನ್ನೇ ನೋಡುತ್ತಿದ್ದೆವು.
ಗಂಡಸಾಗುವುದು ಅಂದರೆ ಇದೇನಾ, ಪಾಪ,
ಬಾರದ ಕೆಲಸ ಹಿಡಿದು ಬಲ್ಲವರ ನಡುವೆ ನಿಲ್ಲುವುದು?

ಅಮ್ಮ ಮೆಟ್ಟಿಲಿಳಿದಳು.
ಅವನ ಹಿಂದೆ ಕುಕ್ಕರಗಾಲಲ್ಲಿ ಕೂತು
ಗೆರೆ ಎಲ್ಲಿದೆ ಎಂದು ಹೆಬ್ಬೆರಳಿಂದ ತೋರಿಸಿ,
ಎರಡೂ ಮಣಿಕಟ್ಟು ಹಿಡಿದು
ಟಕ್.
ಸರಿಯಾಗಿ ಎರಡು ಹೋಳು. ನೀರು ಚಕ್ರಕ್ಕೆ.
ದೊಡ್ಡಪ್ಪ ಎಡಗೈಯಲ್ಲಿ ಗಂಟೆ ಬಾರಿಸುತ್ತಿದ್ದರು,
ಕಣ್ಣು ಮುಚ್ಚಿತ್ತು. ಭಕ್ತಿಗೋ, ಇನ್ನೊಂದಕ್ಕೋ.
"ನೋಡು, ಹುಡುಗ ಒಡೆದ" ಎಂದಳು ಅಮ್ಮ,
ನನ್ನನ್ನು ನೋಡದೆ.

ನಿಂಬೆಹಣ್ಣು ಹತ್ತಿಸಿ ಹೊರಟೆವು.
ಹಿಂದೆ ಮೊದಲ ಬಾಡಿಗೆ, ಹನ್ನೆರಡು ಚೀಲ ಒಣಗಾಯಿ,
ಗುಂಡಿ ಬಂದಾಗಲೆಲ್ಲ ಚಿಪ್ಪಿನೊಳಗೆ ಲೊಟಲೊಟ.
ಪಕ್ಕದಲ್ಲಿ ದೊಡ್ಡಪ್ಪ. ಒಂದು ಚೂರು ಕಾಯಿ ಮುರಿದು
ಆ ನಡುಗುವ ಕೈಯಲ್ಲೇ ನನ್ನ ಬಾಯಿಗಿಟ್ಟು
ಸ್ಟೇರಿಂಗ್ ಬಿಡಬೇಡ ಎಂದರು.
ಸುಮಾರು ದೂರ ಹೋದ ಮೇಲೆ, ಹೊರಗೆ ನೋಡುತ್ತ,
"ಅಲ್ಲಿ ನಿನ್ನದೂ ಒಂದು ಸಹಿ ಬೇಕಂತೆ ಮಗಾ,
ಪಾಲು ಏನೂ ಬೇಡ ಅಂತ."

ಅಗಿಯುತ್ತಿದ್ದೆ. ಕಾಯಿ ಸಿಹಿಯಾಗಿತ್ತು.
ರಸ್ತೆಯ ಬದಿ ಕಲ್ಲು ಬಂತು: ಗಂಡಸಿ ೯.
ಗೇರು ಇಳಿಸಿದೆ.