ಹೊಸ್ತಿಲಾಚೆಯ ಕೂಗು

ವಾಲ್ಪರೈಸೊ, ರಾತ್ರಿ ಎರಡೂಕಾಲು.
ಬಂದರಿನ ಕ್ರೇನುಗಳು ನಿಂತಲ್ಲೇ ತೂಕಡಿಸುತ್ತಿವೆ.
ನನ್ನ ಪಾಳಿ. ಕಾಫಿಯ ಮೇಲೆ ಕೆನೆ ಕಟ್ಟಿದೆ.
ಒಂದೂವರೆಗೆ ತೆಂಕಣ ಕಡಲ ತಳದಲ್ಲಿ ಸಣ್ಣದೊಂದು ನಡುಕ;
ಅಲ್ಲಿ, ಸಾವಿರ ಕಿಲೋಮೀಟರು ಆಚೆಯ ದ್ವೀಪದ ಗುಡಿಸಲಲ್ಲಿ,
ನೀರಿನ ಏರಿಳಿತ ಬರೆದುಕೊಳ್ಳುವ ಹಳೆಯ ಕಂಪ್ಯೂಟರು.
ಇಲ್ಲಿಂದಲೇ, ಒಂದೇ ಸಾಲಲ್ಲಿ ಕೇಳಿದೆ:
ನೀರು ಎಷ್ಟಿದೆ ಹೇಳು.

ಕಮಾಂಡ್ ಸಿಗಲಿಲ್ಲ, ಎಂದಿತು.

ಸಿಗದೆ ಏನು? ಸಂಜೆ ತಾನೇ ಲಾಗಿನ್ ಆಗಿ,
ಅದರೆದುರು ಕೂತು ಇದೇ ಹೆಸರು ಬರೆದಾಗ
ಮಗ್ಗಿಯ ಹಾಗೆ ಒಪ್ಪಿಸಿತ್ತು:
ಒಂದು ಮೀಟರು ನಲವತ್ತು, ಇಳಿಯುತ್ತಿದೆ.
ಕಾಗುಣಿತ ನೋಡಿದೆ. ಸರಿ.
ಫೈಲು ಇದೆಯೆ? ಇದೆ. ಓಡಲು ಅನುಮತಿ? ಅದೂ ಇದೆ.
ಮತ್ತೆ ಕೂಗಿದೆ.
ಮತ್ತದೇ, ಗುರುತು ಮರೆತ ಮುಖ.

ನಿನ್ನ ದಾರಿ ಯಾವುದು ಹೇಳು ಎಂದೆ,
ಯಾವ ಯಾವ ಕೋಣೆಯಲ್ಲಿ ಹುಡುಕುತ್ತೀಯ.
ಉದ್ದಾನುದ್ದ ಪಟ್ಟಿ ಕೊಟ್ಟಿತು.
ನೋಡುತ್ತೇನೆ, ಅದರಲ್ಲಿ ನನ್ನದೇ ಹೆಸರು,
ಹೋದ ತಿಂಗಳು ನಾನೇ ಮಾಡಿಕೊಂಡ ಫೋಲ್ಡರು!
ಜೋಡಿ ಉದ್ಧರಣೆಯೊಳಗಿಟ್ಟ ಪ್ರಶ್ನೆ
ಮನೆ ಬಿಡುವ ಮೊದಲೇ
ಉತ್ತರ ತುಂಬಿಕೊಂಡು ಹೊರಟಿತ್ತು.
ಮಾರ್ಸಿಯಲ್ ಜೊತೆ ನಾನೂ ಹೀಗೆಯೇ ಎಷ್ಟೋ ವರ್ಷ
ಕೇಳುತ್ತಿದ್ದೆ. ಇರಲಿ, ಅದು ಬೇರೆ ಮಾತು.

ಒಂಟಿ ಉದ್ಧರಣೆ ಹಾಕಿದೆ.
ಈಗ ಬಂತು ಅದರದು: ನಾಲ್ಕೇ ಕೋಣೆ, ಬೋಳು ಗೋಡೆ.
ನಿಕಾನೋರ್ ತನ್ನ ಸಲಕರಣೆ ಇಟ್ಟ ಕೊಟ್ಟಿಗೆ
ಅದರಲ್ಲಿ ಇಲ್ಲವೇ ಇಲ್ಲ.

ನಿಕಾನೋರ್ ಬಾರಿಯಾ, ಆ ಯಂತ್ರ ಕೂಡಿಸಿದವನು.
ಒಮ್ಮೆ ದೋಣಿ ಹತ್ತಿ ಹೋಗಿದ್ದೆ,
ಬಾಗಿಲಲ್ಲೇ, ತೊಯ್ದ ಕೋಟಿನಲ್ಲೇ ಕೇಳಿದ್ದೆ:
ಬ್ಯಾಟರಿ ಬದಲಿಸಿದಿರಾ?
ಕಿವುಡನಂತೆ ಒಲೆಗೆ ಕಟ್ಟಿಗೆ ಒಟ್ಟುತ್ತಲೇ ಇದ್ದ.
ಬೂಟು ಕಳಚಿ ಬೆಂಚಿನಲ್ಲಿ ಕೂತು,
ಸೋರೆಬುರುಡೆಯ ಮಾಟೆ ಕಷಾಯ ಎರಡು ಸುತ್ತು ಬಂದ ಮೇಲೆ
ತಾನಾಗಿ ಹೇಳಿದ: ಬ್ಯಾಟರಿ, ಇಲಿ ಕಡಿದ ಕೇಬಲ್ಲು,
ಮಗಳ ಮದುವೆ,
ಕಡಲು ಹಿಂದೆ ಸರಿದು ತಿರುಗಿ ಬಂದ ಆ ವರ್ಷ.

ಶೆಲ್ಲಿನ ಫೈಲು ತೆರೆದೆ. ಮೇಲೆಯೇ ಒಂದು ಕಾವಲು:
ಕೂತು ಮಾತಾಡುವವರಲ್ಲದಿದ್ದರೆ ಇಲ್ಲಿಂದಲೇ ವಾಪಸು.
ಅವನು ಬರೆದದ್ದಲ್ಲ, ಎಷ್ಟೋ ಯಂತ್ರಗಳಲ್ಲಿ ಇರುವಂಥದೇ.
ಆದರೂ ನಗು ಬಂತು.
ಕೊಟ್ಟಿಗೆಯ ದಾರಿ ಹೇಳುವ ಸಾಲು
ಅದರ ಕೆಳಗೆ, ಒಳಗೆ, ಒಲೆಯ ಹತ್ತಿರ.

ಪೂರ್ತಿ ವಿಳಾಸ ಹಿಡಿದು ಕರೆಯಬಹುದಿತ್ತು,
ಓಣಿ, ಮನೆ, ಅಟ್ಟದ ಮೇಲಿನ ಡಬ್ಬಿ, ಅಂಚೆಯವನ ಹಾಗೆ.
ನಾಳೆಯ ಪಾಳಿಯವನಿಗೆ ಅದು ನೆನಪಿರುವುದಿಲ್ಲ.
ಆ ಸಾಲನ್ನೇ ಎತ್ತಿ ಕಾವಲಿನ ಮೇಲಿಟ್ಟೆ,
ಹೊರಗೆ ನಿಂತವರಿಗೂ ಕಾಣುವಂತೆ.
ಕೂಗಿದೆ.

ಒಂದು ಮೀಟರು ಹನ್ನೆರಡು. ಏರುತ್ತಿದೆ,
ಎಂದಿನಷ್ಟೇ, ಎಂದಿನ ಹಾಗೆ.

ಪಕ್ಕದಲ್ಲೊಂದು ಟಿಪ್ಪಣಿ ಬರೆದೆ:
ಸಾಲು ಸರಿಸಿದ್ದು ಎರ್ಮೀನಿಯಾ. ಅವಸರವಿತ್ತು, ದೋನ್ ನಿಕಾನೋರ್.
ಬೇಸಿಗೆಗೆ ಬಂದಾಗ ಕೂರುತ್ತೇನೆ.