ವ್ಯಾಪ್ತಿ ಪ್ರದೇಶದ ಹೊರಗೆ

ನನ್ನ ಅಂಗಡಿ ಟೆಶಿಯಲ್ಲಿ, ಅಕ್ರಾದಿಂದ ಪೂರ್ವಕ್ಕೆ,
ಕಡಲಿಗೆ ಬೆನ್ನು ಹಾಕಿ ನಿಂತ ರಸ್ತೆಯಲ್ಲಿ.
ಹೆಣದ ಪೆಟ್ಟಿಗೆ ಮಾಡುವುದು ಕಸುಬು.
ಚೌಕದವಲ್ಲ. ನಮ್ಮಲ್ಲಿ
ಬೆಸ್ತನನ್ನು ಮೀನಿನ ಹೊಟ್ಟೆಯಲ್ಲಿಟ್ಟು ಕಳಿಸುತ್ತೇವೆ,
ಈರುಳ್ಳಿ ಮಾರಿದವಳನ್ನು ಈರುಳ್ಳಿಯೊಳಗೆ,
ಲಾರಿಯವನನ್ನು ಲಾರಿಯಲ್ಲೇ.
ಸ್ಟೀರಿಂಗು ಮಾತ್ರ ಇಡುವುದಿಲ್ಲ.
ಸಾಕಲ್ಲ, ಇನ್ನು ಬೇರೆ ಯಾರೋ ಓಡಿಸಲಿ.

ಕೊರ್ಕೋಯಿ ಬಂದದ್ದು ಹರ್ಮಟಾನ್ ಧೂಳಿನ ತಿಂಗಳಲ್ಲಿ,
ನಡೆದೇ ಬಂದಳು, ತನ್ನ ಅಳತೆ ತಾನೇ ಕೊಡಲು.
ಇಪ್ಪತ್ತಮೂರು ವರ್ಷ ಹಳದಿ ಕೊಡೆಯಡಿ ಕೂತು
ಊರಿಗೆಲ್ಲ ಕರೆನ್ಸಿ ಹಾಕಿದವಳು.
ಯಾರು ಯಾರಿಗೆ ಎಷ್ಟು ಹೊತ್ತಿನಲ್ಲಿ ಫೋನು ಮಾಡುತ್ತಾರೆ
ಎಲ್ಲ ಗೊತ್ತು ಅವಳಿಗೆ; ಬಾಯಿ ಬಿಟ್ಟವಳಲ್ಲ.
"ಫೋನು ಮಾಡಿಕೊಡು ಅಟಾ.
ಗುಂಡಿಗಳಿರುವ ಹಳೇದು. ಈಗಿನ ಉಜ್ಜುವ ಗಾಜಲ್ಲ,
ಆ ಗಾಜಿನೊಳಗೆ ನನಗೆ ನಿದ್ದೆ ಹತ್ತುವುದಿಲ್ಲ."
ಅರ್ಧ ದುಡ್ಡು ಕೊಟ್ಟಳು. ಬಾಕಿ ಸತ್ತ ಮೇಲಂತೆ.

ಅವಳ ಮನೆಯವರದ್ದೊಂದು ವಾಟ್ಸಾಪ್ ಗುಂಪು,
ನಲವತ್ತೊಂದು ಜನ. ಹೆಸರು: ಅಮ್ಮನ ಕೊನೆಯ ಕಾರ್ಯ.
ನನ್ನನ್ನು ಸೇರಿಸಿದ್ದಾರೆ. ಅಮ್ಮನನ್ನು ಸೇರಿಸಿಲ್ಲ.
ಪರದೆಯ ಮೇಲೆ ಏನು ಬರೆಯಬೇಕೆಂದು
ಹಗಲೂ ರಾತ್ರಿ ಅಲ್ಲಿ ಮತದಾನ.
ಹ್ಯಾಂಬರ್ಗಿನ ಮಗಳು: ಬ್ಯಾಟರಿ ತುಂಬಿರಲಿ.
ಕುಮಾಸಿಯ ಅಳಿಯ: ಒಂದು ಮಿಸ್ಡ್ ಕಾಲ್, ದೇವರಿಂದ.
ಇನ್ಯಾರೋ ಅಳುವ ಹಳದಿ ಮುಖಗಳನ್ನು ಸಾಲಾಗಿ ಬಿಟ್ಟರು,
ಅದಕ್ಕೆ ಇನ್ಯಾರೋ ಹೆಬ್ಬೆರಳು ಎತ್ತಿದರು.
ಅವಳಾದರೋ ಆ ಹೊತ್ತಿಗೆ
ಕೊಡೆಯಡಿ ಕೂತು ಬಾಳೆಕಾಯಿ ಬಜ್ಜಿ ತಿನ್ನುತ್ತಿದ್ದಳು.
ಪ್ರತಿ ಟಿಣ್ಣಿಗೂ ಉಳಿ ಹಿಡಿದ ಕೈ ನಿಂತು
ಮೂರು ದಿನದ ಕೆಲಸ ಹದಿಮೂರು ದಿನ ಹಿಡಿಯಿತು.

ಕೊನೆಗೆ ಅವಳನ್ನೇ ಕೇಳಿದೆ. "ಏನೂ ಬೇಡ.
ಬೆಳಕು ಆರಿದ ಮೇಲೆ ಪರದೆ ಯಾವ ಬಣ್ಣವೋ ಅದನ್ನೇ ಬಳಿ.
ಆ ಹುಡುಗಿಯ ದನಿ ಸಿಕ್ಕಿದ್ದರೆ ಇಡಬಹುದಿತ್ತು, ಅದೇ,
ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.
ಎಷ್ಟು ಮರ್ಯಾದೆಯಿಂದ ಹೇಳುತ್ತಾಳೆ ನೋಡು.
ಸುಳ್ಳೂ ಅಲ್ಲ."
ಆ ಬಣ್ಣ ಬೆರೆಸುವುದು ಸುಲಭವಲ್ಲ. ಹಸಿರಲ್ಲ, ಬೂದಿಯೂ ಅಲ್ಲ;
ಬಲೆ ಎಳೆದು ಎಲ್ಲರೂ ಮನೆಗೆ ಹೋದ ಮೇಲೆ
ತೇವದ ಮರಳಿಗೆ ಇರುತ್ತದಲ್ಲ, ಅದು.

ಒಂದು ಮಧ್ಯಾಹ್ನ ನನ್ನ ಶಿಷ್ಯ ಅಜೆಟೇ
ಪೆಟ್ಟಿಗೆಯಲ್ಲಿ ಮಲಗಿ ಎದ್ದು, ತನ್ನ ಫೋನು ಅಲ್ಲೇ ಮರೆತ.
ನಾನು ನೋಡದೆ ಮುಚ್ಚಳ ಬಿಗಿದು ವಾರ್ನಿಶ್ ಹೊಡೆದೆ.
ರಾತ್ರಿ ಪೆಟ್ಟಿಗೆ ರಿಂಗಾಯಿತು.
ಮೀನು ಹೊಗೆಯಿಡುವ ಹೆಂಗಸರು ಓಡಿಬಂದರು,
ನಾಯಿ ಬಂತು, ಪಾದ್ರಿ ಬಂದ.
ಹಸಿ ವಾರ್ನಿಶ್, ಬೆಳಗಿನವರೆಗೆ ಮುಟ್ಟುವ ಹಾಗಿಲ್ಲ.
ಅಷ್ಟು ಜನರ ನಡುವೆ ಒಂದು ಫೋನು ಬಡಿದುಕೊಳ್ಳುತ್ತಿದೆ
ಯಾರೂ ಎತ್ತುತ್ತಿಲ್ಲ!
ಮೊದಮೊದಲು ಒಬ್ಬೊಬ್ಬರ ಕೈಯೂ ತಂತಮ್ಮ ಜೇಬಿಗೆ ಹೋಯಿತು,
ಆಮೇಲೆ ಸುಮ್ಮನಾಯಿತು.
ಯಾರೋ ಕುಕ್ಕರುಗಾಲಲ್ಲಿ ಕೂತರು.
ಯಾರೋ ಕಡಲೆಕಾಯಿ ಹಂಚಿದರು.
ರಿಂಗು ನಿಂತಾಗ ನೋಡುತ್ತೇವೆ, ಕಡಲು ಇತ್ತು.
"ನಮ್ಮವ್ವ ಅದು," ಅಂದ ಅಜೆಟೇ ಕತ್ತಲಿನಿಂದ,
"ದಿನಾ ಹತ್ತಕ್ಕೆ ಮಾಡುತ್ತಾಳೆ."
ಅಂದವನೇ ಎದ್ದು ಅವಳ ಮನೆಗೆ ನಡೆದ.
ಎರಡು ಬೀದಿ, ಅಷ್ಟೇ ದೂರ.

ಗುಂಡಿ ಹನ್ನೆರಡು. ಐದರ ಮೇಲೆ ಸಣ್ಣದೊಂದು ಉಬ್ಬು,
ಕತ್ತಲಲ್ಲಿ ಬೆರಳು ದಾರಿ ತಪ್ಪದಿರಲೆಂದು.
"ಉಬ್ಬು ಹೊರಗೆ ಯಾಕೆ?" ಅಂದಳು ಕೊರ್ಕೋಯಿ,
"ಹೊರಗಿರುವವರಿಗೆ ದೀಪವಿದೆ. ಒಳಗಡೆ ಕೂರಿಸು."
ಕೂರಿಸಿದೆ.
ಸೆರಗು ಸರಿಮಾಡಿದ ಹಾಗೆ ಬಟ್ಟೆ ಸರಿಮಾಡಿಕೊಂಡು
ಒಳಗೆ ಮಲಗಿ ನೋಡಿದಳು. ಮುಚ್ಚಳ ಅರ್ಧ ಎತ್ತಿ ಹಿಡಿದಿದ್ದೆ.
ಕಣ್ಣು ಮುಚ್ಚಿದ್ದಳು. ಹೆಬ್ಬೆರಳು ತಡಕಾಡುತ್ತ ಮೇಲೇರಿ
ಐದನ್ನು ಮುಟ್ಟಿತು, ಅಲ್ಲಿಂದ ಎಡಕ್ಕೆ, ಕೆಳಕ್ಕೆ,
ಮತ್ತೆ ಐದಕ್ಕೆ. ಹತ್ತು ಸಲ ಒತ್ತಿದಳು, ಎಣಿಸಿದೆ.

"ಯಾರಿಗೆ?"

ಕಣ್ಣು ತೆರೆಯಲಿಲ್ಲ.
"ಇಪ್ಪತ್ತಮೂರು ವರ್ಷ ಯಾರದ್ದೂ ಹೇಳಿಲ್ಲ ಕಣೋ,
ನಂದು ಹೇಳುತ್ತೀನಾ?"