ಕಿತ್ತಳೆ ಚುಕ್ಕೆ

ಸ್ಟುಡಿಯೋದ ಷಟರು ಎತ್ತುವುದು ಒಂಬತ್ತೂವರೆಗೆ.
ಅದಕ್ಕೂ ಮುಂಚಿನ ಬೆಳಕು ನನ್ನದು.
ಅರಸೀಕೆರೆ ಜಂಕ್ಷನ್ನಿನ ಸಿಗ್ನಲ್ಲು ದಾಟಿ
ಬಾಣಾವರದ ಕಡೆ ಹಳಿ ಬಳುಕುವಲ್ಲಿ
ಕತ್ತಾಳೆ ಸಾಲಿನ ಹಿಂದೆ ಸ್ಕೂಟರು ನಿಲ್ಲಿಸಿ
ಕಾಯುತ್ತೇನೆ.

ನಿನ್ನೆ ಬಂದ ರೈಲೇ ಅಲ್ಲವೇ ಇವತ್ತೂ ಬರೋದು,
ಅನ್ನುತ್ತಾಳೆ ಹೆಂಡತಿ.
ಹೌದು. ಆದರೆ ನಿನ್ನೆಯ ಎಂಜಿನ್ನು ಹುಬ್ಬಳ್ಳಿಯದು,
ಇವತ್ತಿನದು ಕೃಷ್ಣರಾಜಪುರದ್ದು;
ನಿನ್ನೆಯದಕ್ಕೆ ಮೂತಿ ಉದ್ದ, ಇದಕ್ಕೆ ಮೊಂಡು.
ಇಷ್ಟಕ್ಕೇ ಮನೆಗೆ ಹಾಲು ತಡವಾಗುತ್ತಿದೆ
ಎಂದು ಹೇಗೆ ಹೇಳಲಿ?

ಇಡೀ ದಿನ ಅಂಗಡಿಯಲ್ಲಿ ನನ್ನದು ಒಂದೇ ಮಂತ್ರ:
ಗದ್ದ ಸ್ವಲ್ಪ ಕೆಳಗೆ, ಕಿವಿ ಕಾಣಲಿ, ರೆಪ್ಪೆ ಬಡಿಯಬೇಡಿ.
ಹಾಲ್‌ಟಿಕೆಟ್ಟು, ಸೊಸೈಟಿ ಸಾಲ, ಪಾಸ್‌ಬುಕ್ಕು.
ಬಿಳಿ ಪರದೆಯ ಮುಂದೆ ಊರೆಲ್ಲ
ಕದ್ದು ಸಿಕ್ಕಿಬಿದ್ದವರ ಹಾಗೆ ಕೂರುತ್ತದೆ.
ರೈಲಿಗೆ ಏನೂ ಹೇಳಬೇಕಿಲ್ಲ.
ಕಾಪಿ ಎಷ್ಟಕ್ಕೆ ಎಂದು ಅದು ಕೇಳುವುದಿಲ್ಲ.
ಮೊದಲು ಹಳಿ ಗುಂಯ್‌ಗುಡುತ್ತದೆ. ತೆಂಗಿನ ತೋಟದ
ಗೊರವಂಕಗಳು ಒಮ್ಮೆಗೇ ಸುಮ್ಮನಾಗುತ್ತವೆ.
ಆಮೇಲೆ ಅಂಗಾಲು.
ಆಮೇಲೆ ಹಿರೇಕಲ್ಲು ಗುಡ್ಡವನ್ನು ಬೆನ್ನಿಗಿಟ್ಟುಕೊಂಡು
ಐವತ್ತೆಂಟು ವ್ಯಾಗನ್ ಅದಿರು, ಮುಂದೆ ಅವಳಿ ಡೀಸೆಲ್ಲು, ಕರಿಹೊಗೆ.
ಎಂಟು ಸಲ ಕ್ಲಿಕ್, ಒಂದು ಸಲ ಸರಿ.

ಕರೆಂಟಿನ ಕಂಬ ನೆಟ್ಟ ಮೇಲೆ ಕಷ್ಟವಾಯಿತು.
ಪ್ರತಿ ಮುಖಕ್ಕೂ ಒಂದು ಕಂಬ ಅಡ್ಡ,
ಆಕಾಶಕ್ಕೆ ಬಟ್ಟೆ ಒಣಹಾಕುವ ತಂತಿ.
ಹೊಗೆಯೂ ಹೋಯಿತು. ಹಳೆಯ ಫೋಲ್ಡರು ತೆರೆದು
ರಾತ್ರಿ ಹೊತ್ತು ಹೊಗೆ ನೋಡುತ್ತೇನೆ,
ಬೀಡಿ ಬಿಟ್ಟವರು ನೋಡುವ ಹಾಗೆ.

ಹೋದ ಶುಕ್ರವಾರ ಮೂಡ್ಲಗಿರಯ್ಯ ಬಂದರು,
ಮಾಲೇಕಲ್ಲಿಗೆ ಹರಕೆ ಹೊತ್ತು ಇಟ್ಟ ಹೆಸರು.
ಪೆನ್ಶನ್ ಕಾಗದಕ್ಕೆ ಹೆಂಡತಿಯ ಜೊತೆ ಜೋಡಿ ಫೋಟೋ ಬೇಕಂತೆ.
ನಾನು ಗದ್ದ ಅನ್ನುವ ಮೊದಲೇ ಅಂದರು:
“ಕತ್ತಾಳೆ ಹಿಂದೆ ನಿಲ್ಲೋರು ನೀವೇ ಅಲ್ವಾ ಸ್ವಾಮಿ?
ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ.
ಮೊದಲು ಅನ್ಕೊಂಡೆ, ಪಾಪ,
ಮನೇಲಿ ಏನೋ ಬೇಜಾರು, ಹಳಿ ಹುಡುಕ್ಕೊಂಡು ಬಂದವ್ರೆ ಅಂತ.
ಎರಡು ದಿನ ನಿಮ್ಮ ಹಿಂದೇನೇ ಸುತ್ತಾಡ್ದೆ.”

ಕೀಮ್ಯಾನ್. ದಿನಾ ಹಳಿಯುದ್ದ ನಡಿಗೆ,
ಹೆಗಲಿಗೆ ಸುತ್ತಿಗೆ, ಚೀಲದಲ್ಲಿ ಕೆಂಪು ಬಾವುಟ.
ನಾನು ಅವರನ್ನು ನೋಡಿರಲಿಲ್ಲ.
ಅಂದರೆ, ನೋಡಿದ್ದೆ:
ಚೌಕಟ್ಟಿನ ಎಡಗಡೆ ನುಸುಳುತ್ತಿದ್ದ ಕಿತ್ತಳೆ ಚುಕ್ಕೆ,
ಪ್ರತಿ ಸಲ ಕತ್ತರಿಸಿ ಎಸೆದದ್ದು.

ಅದರಾಗೆ ಇವರೂ ಅವ್ರಾ ಎಂದು ಕೇಳಿದವರು
ಪುಟ್ಟಲಿಂಗಮ್ಮ.

ಕತ್ತರಿಸದ ಮೂಲಗಳನ್ನು ಹುಡುಕಿದೆ. ಅರ್ಧ ಮೊಣಕೈ.
ಒಂದರಲ್ಲಿ ಬೆನ್ನು. ಒಂದರಲ್ಲಿ ದೂಳಿಗೆ ಅಡ್ಡ ಹಿಡಿದ ಟವಲು.
ಇಡಿಯಾಗಿ ಒಂದೂ ಇಲ್ಲ.
“ಆ ತೇಪೆ ನಾನೇ ಹಾಕಿದ್ದು,” ಬೆನ್ನು ನೋಡಿ ಆಕೆ ಅಂದರು,
ಅಷ್ಟೇ ಸಾಕು ಅನ್ನುವ ಹಾಗೆ.
ಅವರು ಮಾತ್ರ ತಮ್ಮನ್ನೂ ನೋಡಲಿಲ್ಲ, ಎಂಜಿನ್ನನ್ನೂ ನೋಡಲಿಲ್ಲ.
ಕೆಳಗೆ, ಜಲ್ಲಿಯ ಹತ್ತಿರ ಬೆರಳಿಟ್ಟು:
“ಈ ಕ್ಲಿಪ್ಪು. ಆವತ್ತು ಸಡಿಲ ಆಗಿತ್ತು.
ಹೊಡೆದು ಕೂರಿಸಿ ಹತ್ತು ಹೆಜ್ಜೆ ಬಂದಿಲ್ಲ, ಗಾಡಿ ಬಂತು.”
ಹಿಗ್ಗಿಸಿ ನೋಡಿದೆ. ತುಕ್ಕು ಹಿಡಿದ ಸಾಲಿನಲ್ಲಿ
ಒಂದೇ ಒಂದು, ಸುತ್ತಿಗೆಯ ಏಟು ತಿಂದು ಹೊಳೆಯುತ್ತಿತ್ತು.
ಆ ಚಿತ್ರದ ಫೋಕಸ್ಸು ಎಂಜಿನ್ನಿನ ಮೇಲೆ ಬಿದ್ದಿಲ್ಲ,
ನಾಲ್ಕು ಮಾರು ಮುಂದೆ ಬಿದ್ದಿದೆ.
ಗೋಡೆಗೆ ಹಾಕದೆ ಇಟ್ಟದ್ದು ಅದಕ್ಕೇ.

ಜೋಡಿ ಫೋಟೋ ಮೂರು ಸಲ ತೆಗೆದೆ. ಮೂರರಲ್ಲೂ ರೆಪ್ಪೆ.
ನಾಲ್ಕನೆಯದಕ್ಕೆ ಸ್ಟೇಷನ್ ಕಡೆಯಿಂದ ಯಾವುದೋ ಗಾಡಿ ಕೂಗಿತು,
ಅವರು ಆ ಕಡೆ ಕತ್ತು ಹೊರಳಿಸಿ,
“ಆರು ನಿಮಿಷ ಲೇಟು” ಅಂದರು.
ಸಿಕ್ಕಿದ್ದು ಅದೇ. ಕಿವಿಯಂತೂ ಚೆನ್ನಾಗಿ ಕಾಣುತ್ತದೆ.
ಆಫೀಸಿನವರು ಒಪ್ಪುತ್ತಾರೋ ಇಲ್ಲವೋ.